ತಲಿ ಸವದ ಸ್ಕ್ರೂ

(ಹುಬ್ಬಳ್ಳಿಯ ಗದಗ ರಸ್ತೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ದುಡಿದು ನಿವೃತ್ತರಾದ ಕಾಕಾ, ಮತ್ತು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿರುವ ಅವರ ಅಣ್ಣನ ಮಗಳು.)

ಮಗಳು: ಕಾಕಾ, ಈ ಲ್ಯಾಪ್‌ಟಾಪಿನ ತಳದ ಸ್ಕ್ರೂ ಎಲ್ಲಾ ಬಂದ್ವು, ಒಂದು ಮಾತ್ರ ಬರವಲ್ದು ನೋಡ್ರಿ. ಸ್ಕ್ರೂಡ್ರೈವರ್ ಒಮ್ಮೆ ಜಾರಿತು. ಅಷ್ಟಕ್ಕ ಬಿಟ್ಟು ನಿಮ್ಮ ಹಂತೇಕ ತಂದೆ.

ಕಾಕಾ: ಛಲೋ ಮಾಡಿದಿ. ಮೊದಲನೇ ಸಲ ಜಾರಿದಾಗ ಸ್ಕ್ರೂ ತಲಿ ಅಷ್ಟೇನೂ ಹಾಳಾಗಿರೂದಿಲ್ಲ. ಆಮ್ಯಾಲ ಸಿಟ್ಟಿಗೆದ್ದು ತಿರುವಿದ್ದ ತಿರುವಿದ್ದು ಮಾಡತಾರಲ್ಲ, ಆವಾಗ ಒಳಗಿನ ಗೋಡಿ ಎಲ್ಲಾ ಸವದು ಗುಂಡಗಾಗತೈತಿ. ಏನಕ್ಕ ಬಿಚ್ಚಾಕತ್ತಿದ್ದಿ ಇದನ್ನ?

ಮಗಳು: ಅಣ್ಣಗ 2020ರಾಗ ಸರ್ಕಾರಿ ಡಿಗ್ರಿ ಕಾಲೇಜಿನ್ಯಾಗ ಕೊಟ್ಟ ಲ್ಯಾಪ್‌ಟಾಪ್ ರೀ ಇದು. ಅಂವ ನೌಕರಿಗೆ ಹೋದಮ್ಯಾಲ ನನಗ ಬಂತು. ಚಾಲೂ ಆಗಾಕ ಭಾಳ ಹೊತ್ತು ತಗೋತೈತಿ, ಫ್ಯಾನ್ ಒದರತೈತಿ. ಹಳೇ ಹಾರ್ಡ್ ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಿ, ಫ್ಯಾನಿನ ಧೂಳ ತಗದ್ರ ನನ್ನ ಡಿಗ್ರಿ ಮುಗಿಯೂತನಕಾ ಚಿಂತಿ ಇಲ್ಲ. ಮುಂದ ತಮ್ಮ ಕಾಲೇಜಿಗೆ ಹೋಗೂ ಹೊತ್ತಿಗೆ ಅಂವಗ ಬರತೈತಿ.

ಕಾಕಾ: ಅಂದ್ರ ಮೂರು ಮಂದಿ ಓದೂ ಮಷಿನ್ ಇದು. ಒಂದು ಸ್ಕ್ರೂ ಸಲುವಾಗಿ ಮೂಲಿಗೆ ಬೀಳಬಾರದು. ಬೆಳಕಿಗೆ ಹಿಡಿ, ಮೊದಲು ತೊಂದರಿ ಯಾವುದು ನೋಡೂಣು. ಎರಡು ನಮೂನಿ ಇರತಾವು. ಸ್ಕ್ರೂಡ್ರೈವರ್ ತಿರುಗಿ ಸ್ಕ್ರೂ ತಿರುಗಲಿಲ್ಲ ಅಂದ್ರ ತಲಿ ಸವದೈತಿ. ಸ್ಕ್ರೂನೂ ಸುಮ್ಮನ ಗರಗರ ತಿರುಗಿ ಮ್ಯಾಲ ಏಳವಲ್ದು ಅಂದ್ರ ತಲಿ ಸರಿ ಐತಿ, ಕೆಳಗಿನ ಥ್ರೆಡ್ಡಿನ ಹಿಡಿತ ಹೋಗೈತಿ. ಒಂದರ ಔಷಧ ಇನ್ನೊಂದಕ್ಕ ನಡಿಯೂದಿಲ್ಲ.

ಮಗಳು: ಎರಡನೇದು ನಾ ನೋಡೇನ್ರಿ. ಪ್ಲಾಸ್ಟಿಕ್ ಬಾಡಿಯೊಳಗ ಸಣ್ಣ ಹಿತ್ತಾಳಿ ನಟ್ ಬಿಸಿ ಮಾಡಿ ಕುಂದರಿಸಿರತಾರ. ಅದು ಸಡಲಾದ್ರ ಸ್ಕ್ರೂನ ಜೋಡಿ ಅದೂ ತಿರುಗತೈತಿ. ಆವಾಗ ತಳದ ಮುಚ್ಚಳದ ಆ ಮೂಲಿಯನ್ನ ಪ್ಲಾಸ್ಟಿಕ್ ಪಟ್ಟಿಲೆ ಸಾವಕಾಶ ಮ್ಯಾಲ ಎತ್ತಿ ಹಿಡಕೊಂಡ ತಿರುವಬೇಕು. ಎತ್ತಿದಾಗ ನಟ್ ಬಿಗಿ ಹಿಡೀತೈತಿ, ಸ್ಕ್ರೂ ಹೊರಗ ಬರತೈತಿ. ಇದು ಹಂಗಿಲ್ಲ ಕಾಕಾ, ಸ್ಕ್ರೂ ಅಲಗಾಡವಲ್ದು.

ಕಾಕಾ: ಹಂಗಾದ್ರ ತಲೀದ ತೊಂದರಿ. ಯಾವ ಬಿಟ್ ಹಾಕಿದ್ದಿ?

ಮಗಳು: ಮನ್ಯಾಗ ಮೊಬೈಲ್ ಬಿಚ್ಚೂ ಸೆಟ್ ಇತ್ತಲ್ರಿ, ಅದರೊಳಗಿಂದು. ಪಿಎಚ್ 00 ಅಂತ ಬರದೈತಿ.

ಕಾಕಾ: ಅಲ್ಲೇ ತಪ್ಪಿತು. ಈ ಪ್ಲಸ್ ಬಿಟ್ಟಿನೊಳಗ ಸೊನ್ನಿ ಹೆಚ್ಚಾದಂಗ ತುದಿ ಸಣ್ಣಗಾಕ್ಕೋತ ಹೋಗತೈತಿ. 000 ಕೈಗಡಿಯಾರ, ಮೊಬೈಲಿಗೆ. ಲ್ಯಾಪ್‌ಟಾಪಿನ ತಳದ ಸ್ಕ್ರೂ ಎಷ್ಟ ದಪ್ಪ ಇರತಾವು?

ಮಗಳು: ಬಹಳಷ್ಟು ಎಂ2, ಇಲ್ಲಾ ಎಂ2.5 ರೀ. ಅಂದ್ರ ಥ್ರೆಡ್ಡಿನ ದಪ್ಪ 2, ಎರಡೂವರಿ ಮಿಲಿಮೀಟರ್.

ಕಾಕಾ: ಅದಕ್ಕ ಪಿಎಚ್ 0, ಇಲ್ಲಾ ಪಿಎಚ್ 1 ಬೇಕು. ಸಣ್ಣ ಬಿಟ್ ಒಳಗ ಹೋಗತೈತಿ, ಆದ್ರ ನಟ್ಟನಡುವ ಮಾತ್ರ ಮುಟ್ಟತೈತಿ. ಪ್ಲಸ್ಸಿನ ನಾಕೂ ತೋಳಿನ ಗೋಡಿಗೆ ಆತುಗೊಳ್ಳೂದಿಲ್ಲ. ಒಳಗ ಹೋತು ಅಂದ್ರ ಸರಿಯಾತು ಅಂತ ತಿಳಕೊಳ್ಳೂದ ದೊಡ್ಡ ತಪ್ಪು. ಬಿಟ್ ಇಟ್ಟು, ತಿರುವದ ಎಡಕ್ಕ ಬಲಕ್ಕ ಜರಾ ಅಲಗಾಡಿಸಿ ನೋಡಬೇಕು. ಲಟಪಟ ಅಂದ್ರ ಆ ಬಿಟ್ ಅಲ್ಲ. ಒಳಗ ಹೋಗೂವಷ್ಟರಾಗ ದೊಡ್ಡದ್ಯಾವುದೋ ಅದ ಸರಿಯಾದ ಬಿಟ್.

ಮಗಳು: ಆದ್ರ ಕಾಕಾ, ಈ ಪ್ಲಸ್ ಸ್ಕ್ರೂನ ಯಾಕ ಇಷ್ಟ ಜಾರತೈತಿ? ಆರು ಮೂಲಿ ಚಿಕ್ಕಿ ಆಕಾರದ್ದು ಹಿಂಗ ಜಾರೂದಿಲ್ಲ.

ಕಾಕಾ: ಒಳಗಿನ ಗೋಡಿ ನೋಡು, ಕೆಳಗ ಹೋದಂಗ ಒಳಕ್ಕ ಇಳಿಜಾರು ಐತಿ. ನೀ ತಿರುವೂ ಬಲದಾಗ ಸ್ವಲ್ಪ ಪಾಲು ಆ ಇಳಿಜಾರಿನ ಮ್ಯಾಲ ಬಿಟ್ಟನ್ನ ಹೊರಗ ನೂಕೂದಕ್ಕ ಹೋಗತೈತಿ. ನೀ ಕೆಳಗ ಒತ್ತೂದು ಅದಕ್ಕಿಂತ ಕಡಿಮಿ ಆತೋ, ಬಿಟ್ ಮ್ಯಾಲ ಹತ್ತಿ ಜಾರತೈತಿ. ಜಾರೂ ಮುಂದ ಗೋಡಿ ಅಂಚು ಕೆರಕೊಂಡು ಹೋಗತೈತಿ. ಅಮೆರಿಕಾದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್ ಅನ್ನಾಂವ 1936ರಾಗ ಇದರ ಪೇಟೆಂಟ್ ತಗೊಂಡ. ಮೂಲ ಕಲ್ಪನಾ ಜಾನ್ ಥಾಂಪ್ಸನ್ ಅನ್ನಾವಂದು, ಅಂವನ ಕಡಿಂದ ಇಂವ ತಗೊಂಡು ಸುಧಾರಿಸಿದ. ಜನರಲ್ ಮೋಟರ್ಸ್ ಕಂಪನಿ ಕ್ಯಾಡಿಲಾಕ್ ಕಾರು ಜೋಡಸಾಕ ಅದನ್ನ ಬಳಸಿತು. ಕಾರ್ಖಾನಿಯೊಳಗ ಮಷಿನ್‌ಲೆ ಸ್ಕ್ರೂ ಹಾಕೂ ಮುಂದ ಬಿಟ್ ತಾನ ನಟ್ಟನಡುವ ಬಂದು ಕೂಡಬೇಕಲ್ಲ, ಹಳೇ ಒಂಟಿ ಗೀರಿನ ಸ್ಕ್ರೂನ್ಯಾಗ ಅದು ಆಗತಿರಲಿಲ್ಲ. ಇದರಾಗ ಆಗತೈತಿ. ಹಾಕೂದು ಹಗುರಾತು, ತಗಿಯೂ ಮುಂದ ಒತ್ತು ಹೆಚ್ಚು ಬೇಕಾತು. ನೀ ಹೇಳಿದ ಚಿಕ್ಕಿ ಆಕಾರದ್ದು ಟಾರ್ಕ್ಸ್, 1967ರಿಂದೀಚೆ ಬಂದದ್ದು. ಅದರ ಗೋಡಿ ನೆಟ್ಟಗ ನಿಂತಿರತಾವು, ಅದಕ್ಕ ಜಾರೂದು ಕಡಿಮಿ.

ಮಗಳು: ಉಳದ ಸ್ಕ್ರೂ ಸರಳ ಬಂದ್ವು. ಇದೊಂದ ಯಾಕ ಹಿಂಗ ಕಚ್ಚಿಕೊಂಡೈತಿ?

ಕಾಕಾ: ಬಿಗಿ ಹಿಡಿಯೂದಕ್ಕ ಮೂರು ಕಾರಣ. ಹಿಂದ ಬಿಚ್ಚಿ ಹಾಕಿದಾಂವ ಹದ ಮೀರಿ ಬಿಗಿ ಮಾಡಿರಬೇಕು. ಇಲ್ಲಾ ಒಳಗ ಜಂಗು ಹಿಡದಿರಬೇಕು. ಧಾರವಾಡದ ಮಳಿಗಾಲದಾಗ ಹಾಸ್ಟೆಲ್ ಗೋಡಿ ಬೆವರತಾವು, ಈ ಸಣ್ಣ ಸ್ಕ್ರೂ ಎಷ್ಟರದು? ಮೂರನೇದು, ಕಂಪನಿಯವರ ಅದು ಸಡಲಾಗಬಾರದು ಅಂತ ಏನರ ಹಚ್ಚಿರಬೇಕು.

ಮಗಳು: ಹಚ್ಚಿರತಾರ್ರಿ. ಬಂದ ಸ್ಕ್ರೂ ನೋಡ್ರಿ ಇಲ್ಲೆ, ಥ್ರೆಡ್ ಮ್ಯಾಲ ನೀಲಿ ಬಣ್ಣ ಕಾಣತೈತಿ. ಅದು ನೈಲಾನ್.

ಕಾಕಾ: ಹೌದಲ್ಲ! ನಮ್ಮ ಕಡೆನೂ ಇದ ವಿಚಾರ. ರೈಲು ಡಬ್ಬಿ ಹಗಲೂ ರಾತ್ರಿ ನಡುಗತೈತಿ. ನಡುಗಿದ್ರ ನಟ್ ಸಡಲು ಆಗತೈತಿ. ಅದಕ್ಕ ಸ್ಪ್ರಿಂಗ್ ವಾಷರ್, ಲಾಕ್ ನಟ್, ಸ್ಪ್ಲಿಟ್ ಪಿನ್ ಹಾಕತೇವಿ. ಇಲ್ಲೆ ಆ ಕೆಲಸ ನೈಲಾನ್ ಮಾಡತೈತಿ. ಮೊದಲ ಅರ್ಧಾ ಸುತ್ತಿಗೆ ಅದು ಭಾಳ ಎದುರಾಡತೈತಿ. ಜಾರೂದೂ ಆ ಅರ್ಧಾ ಸುತ್ತಿನ್ಯಾಗ. ಅದನ್ನ ದಾಟಿಸಿದ್ರ ಮುಂದಿಂದು ಬೆರಳಲೆ ಬರತೈತಿ.

ಮಗಳು: ಇಂಟರ್ನೆಟ್‌ನ್ಯಾಗ ಒಬ್ಬಾಂವ ಬಿಟ್ಟಿಗೆ ಫೆವಿಕ್ವಿಕ್ ಹಚ್ಚಿ ಸ್ಕ್ರೂಗೆ ಅಂಟಿಸಿ ತಿರುವಿದ. ಮಾಡೂಣೇನ್ರಿ?

ಕಾಕಾ: ಬ್ಯಾಡ. ಆ ಗೋಂದು ನೀರಿನಂಗ ತೆಳ್ಳಗ. ತಲೀ ಸಂದಿಯೊಳಗಿಂದ ಹರದು ಮುಚ್ಚಳಕ್ಕ, ಥ್ರೆಡ್ಡಿಗೆ ಹೋತೋ, ಈಗ ಕಚ್ಚಿಕೊಂಡದ್ದು ಆವಾಗ ಖಾಯಂ ಆಗತೈತಿ. ಮ್ಯಾಲಾಗಿ ಪ್ಲಸ್ಸಿನ ಗೀರೂ ತುಂಬಿ ಹೋಗತಾವು. ಉಳದಿದ್ದ ಹಿಡಿತಾನೂ ಹೋತು. ಇಂಥಾ ಕೆಲಸಕ್ಕ ಒಂದು ಪದ್ಧತಿ ಐತಿ ನೋಡು: ಸೋತ್ರೂ ಮುಂದಿನ ಉಪಾಯಕ್ಕ ಜಾಗ ಉಳಿಸೂವಂಥಾದ್ದು ಮೊದಲು ಮಾಡಬೇಕು. ತಿರುಗಿ ಬರಲಾರದ್ದು ಕಡೀಕ.

ಮಗಳು: ಸರಿಯಾದ ಬಿಟ್ ಮೊದಲು. ಅದೂ ಜಾರಿದ್ರ?

ಕಾಕಾ: ನಡುವ ರಬ್ಬರ್ ಇಡಬೇಕು. ಸೈಕಲ್ ಟ್ಯೂಬ್ ದಪ್ಪ ಆತು, ಬಿಟ್ ಒಳಗ ಇಳಿಯೂದಿಲ್ಲ. ಬಲೂನಿನ ತುಂಡು, ಇಲ್ಲಾ ದವಾಖಾನಿ ಕೈಗವಸಿನ ರಬ್ಬರ್ ಆದ್ರ ತೆಳ್ಳಗ ಗೀರಿನ್ಯಾಗ ತುಂಬಿ ಹಿಡಿತ ಕೊಡತೈತಿ. ಸವದದ್ದು ಸ್ವಲ್ಪ ಇದ್ರ ಮಾತ್ರ ನಡೀತೈತಿ, ಪೂರಾ ಗುಂಡಗಾಗಿದ್ರ ಇಲ್ಲ. ರಬ್ಬರಿಗಿಂತ ನನ್ನ ನಂಬಿಕಿ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮ್ಯಾಲ. ಮೋಟರಿನ ಬಿಡಿಭಾಗದ ಅಂಗಡ್ಯಾಗ ಸಣ್ಣ ಡಬ್ಬಿ ಸಿಗತೈತಿ. ಗ್ರೀಸಿನೊಳಗ ಗಡಸು ಹರಳಿನ ಪುಡಿ ಕಲಸಿರತಾರ, ಇಂಜಿನ್ ವಾಲ್ವ್ ಕುಂದರಿಸಿ ತಿಕ್ಕೂದಕ್ಕ. ಬಿಟ್ಟಿನ ತುದಿಗೆ ಸಾಸಿವಿಯಷ್ಟು ಹಚ್ಚಿದ್ರ ಆ ಹರಳು ಎರಡೂ ಲೋಹಕ್ಕ ಕಚ್ಚಿ ಹಿಡೀತಾವು, ಜಾರಗೊಡೂದಿಲ್ಲ.

ಮಗಳು: ಅದೂ ಆಗಲಿಲ್ಲ ಅಂದ್ರ?

ಕಾಕಾ: ಕಾಸಬೇಕು. ವರ್ಕ್‌ಶಾಪಿನ್ಯಾಗ ಜಂಗು ಹಿಡದ ನಟ್ಟಿಗೆ ನಾವು ಗ್ಯಾಸ್ ಉರಿ ಹಿಡೀತಿದ್ವಿ. ನಟ್ ಬಿಸಿಗೆ ಹಿಗ್ಗತೈತಿ, ಜಂಗು ಬಿರಿತೈತಿ, ಪಾನಾ ಹಾಕಿದ್ರ ಸರಕ್ಕನ ಬರತೈತಿ. ಇದಕ್ಕ ಸೋಲ್ಡರಿಂಗ್ ಐರನ್ ತುದಿ ಸ್ಕ್ರೂ ತಲಿ ಮ್ಯಾಲ ಸ್ವಲ್ಪ ಹೊತ್ತು ಇಟ್ಟರ ನಿನ್ನ ನೈಲಾನ್ ಮೆತ್ತಗಾಗತೈತಿ.

ಮಗಳು: ಇದರಾಗ ಬ್ಯಾಡ್ರಿ ಕಾಕಾ. ಇದು ಪ್ಲಾಸ್ಟಿಕ್ ಬಾಡಿ. ಐರನ್ 300 ಡಿಗ್ರಿ ದಾಟಿರತೈತಿ, ಈ ಪ್ಲಾಸ್ಟಿಕ್ 100 ಡಿಗ್ರಿ ಸುತ್ತಮುತ್ತನ ಮೆತ್ತಗಾಗತೈತಿ. ಹಿತ್ತಾಳಿ ನಟ್ ಕಿತ್ತು ಬರತೈತಿ. ಇನ್ನೊಂದು, ಈ ಮೂಲಿ ಕೆಳಗ ಬ್ಯಾಟರಿ ಐತ್ರಿ. ಲಿಥಿಯಂ ಬ್ಯಾಟರಿಗೆ ಶಾಖ ಕೊಟ್ರ ಉಬ್ಬತೈತಿ, ಬೆಂಕಿನೂ ಹತ್ತಬಹುದು. ಲೋಹದ ಬಾಡಿ ಇದ್ದು, ಬ್ಯಾಟರಿ ದೂರ ಇದ್ರ ಮಾತ್ರ ಆ ಉಪಾಯ.

ಕಾಕಾ: ಒಳಗ ಏನೈತಿ ಅಂತ ನಿನಗ ಗೊತ್ತು, ನೀ ಹೇಳಿದ್ದ ಖರೆ. ಹಂಗಾದ್ರ ಟಾರ್ಕ್ಸ್ ಬಿಟ್, ಗೀರಿಗಿಂತ ಕೂದಲೆಳಿಯಷ್ಟ ದೊಡ್ಡದು, ಮ್ಯಾಲಿಟ್ಟು ಸಣ್ಣ ಸುತ್ತಿಗಿಲೆ ಬಡದು ಕುಂದರಿಸಿದ್ರ ಹೊಸಾ ಮೂಲಿ ಕೊರಕೊಂಡು ಹಿಡೀತೈತಿ.

ಮಗಳು: ಅದಕ್ಕೂ ತಡೀರಿ. ಹಾರ್ಡ್ ಡಿಸ್ಕ್ ಇನ್ನೂ ಒಳಗ ಐತಿ. ಅದರಾಗ ತಿರುಗೂ ತಟ್ಟಿ, ಓದೂ ಸೂಜಿ ಇರತಾವು. ಅಣ್ಣನ ಫೋಟೋ, ನನ್ನ ಪ್ರಾಜೆಕ್ಟ್ ಎಲ್ಲಾ ಅದರಾಗ. ಸುತ್ತಿಗಿ ಪೆಟ್ಟು ಬಿದ್ರ ಅದು ಹೋತು.

ಕಾಕಾ: ಹಂಗಂದ್ರ ಮೊದಲು ಆ ಫೈಲೆಲ್ಲಾ ಬ್ಯಾರೆ ಕಡೆ ಇಟ್ಟೀಯೇನು?

ಮಗಳು: ನಿನ್ನಿ ರಾತ್ರಿನ ಕಾಪಿ ಮಾಡೇನ್ರಿ. ಚಾರ್ಜರ್ ತಗದು ಪೂರಾ ಬಂದ್ ಮಾಡೇನಿ. ಬಂದ ಸ್ಕ್ರೂ ಎಲ್ಲಾ ಕಾಗದದ ಮ್ಯಾಲ ತಳದ ಚಿತ್ರ ಬರದು ಅವುಗಳ ಜಾಗಾದಾಗ ಟೇಪ್ ಹಚ್ಚಿ ಇಟ್ಟೇನಿ. ಹಿಂದಿನ ಅಂಚಿನವು ಉದ್ದ, ಮುಂದಿನವು ಗಿಡ್ಡ. ಉದ್ದಂದು ಗಿಡ್ಡದರ ತೂತಿನ್ಯಾಗ ಹಾಕಿದ್ರ ಕೀಬೋರ್ಡಿಗೆ, ಇಲ್ಲಾ ಮದರ್‌ಬೋರ್ಡಿಗೆ ಚುಚ್ಚತೈತಿ.

ಕಾಕಾ: ಹಿಂಗಿರಬೇಕು. ವರ್ಕ್‌ಶಾಪಿನ್ಯಾಗ ಮೇಸ್ತ್ರಿಗಳು ನಮಗ ಮೊದಲು ಕಲಿಸಿದ್ದು ಇದನ್ನ: ಬಿಚ್ಚೂ ಮೊದಲ ಹಾಕೂದರ ವಿಚಾರ ಮಾಡು ಅಂತ. ಬಾ ಈಗ, ತಗಿಯೂಣು. ನನ್ನ ಪೆಟ್ಟಿಗ್ಯಾಗ ಪಿಎಚ್ 1 ಐತಿ, ತುದಿ ಮುರಿಯಲಾರದ್ದು. ಬಿಟ್ಟೂ ಸವೀತೈತಿ ಯವ್ವಾ. ಸವದ ಬಿಟ್ಟಿನ ಅಂಚು ಹೊಳೀತಿರತೈತಿ, ಉಗುರಿಗೆ ಹತ್ತೂದಿಲ್ಲ. ಅಂಥಾದ್ದನ್ನ ಎಸದು ಬಿಡಬೇಕು. ತಗೊಳ್ಳೂ ಮುಂದ ಎಸ್2 ಉಕ್ಕಿಂದು ಕೇಳಿ ತಗೋ, ಅಗ್ಗದ ಬಿಟ್ ಎರಡು ಸಲಕ್ಕ ಮೆತ್ತಗಾಗತಾವು.

ಮಗಳು: ಹೆಂಗ ಹಿಡಕೊಳ್ಳಲ್ರಿ?

ಕಾಕಾ: ನೆಲದ ಮ್ಯಾಲ ದಪ್ಪ ಟಾವೆಲ್ ಹಾಸು, ಲ್ಯಾಪ್‌ಟಾಪ್ ಬೋರಲ ಇಡು. ನೀ ಅದರ ನೆಟ್ಟಗ ಮ್ಯಾಲ ಬಾ, ಮೊಣಕೈ ಪಕ್ಕಡಿಗೆ ಇಟ್ಟುಕೋ. ಸ್ಕ್ರೂಡ್ರೈವರ್ ಕಂಬದಂಗ ನೆಟ್ಟಗ ನಿಂದರಬೇಕು, ಎಳ್ಳಷ್ಟು ವಾಲಿದ್ರೂ ಒಂದ ಗೋಡಿಗೆ ಭಾರ ಬೀಳತೈತಿ. ಒಂದು ಅಂಗೈ ಹಿಡಿಕಿ ಮ್ಯಾಲ, ಒತ್ತಾಕ. ಇನ್ನೊಂದು ಕೈ ತಿರುವಾಕ. ಹದಿನಾರಾಣೆ ಬಲದಾಗ ಹನ್ನೆರಡಾಣೆ ಒತ್ತೂದಕ್ಕ, ನಾಕಾಣೆ ತಿರುವೂದಕ್ಕ. ಪೇಸ್ಟ್ ಹಚ್ಚು. ಈಗ ಗಕ್ಕನ ಬ್ಯಾಡ, ಬಲ ಏರಸ್ಕೋತ ಹೋಗು. ಜಾರೂ ಹಂಗ ಅನಿಸಿದ್ರ ಅಲ್ಲೇ ನಿಲ್ಲಿಸು.

ಮಗಳು: ಹಿಡದೈತ್ರಿ... ಟಕ್ ಅಂತು!

ಕಾಕಾ: ಅದ ನೈಲಾನ್ ಬಿಟ್ಟದ್ದು. ಒತ್ತೂದು ಕಡಿಮಿ ಮಾಡಬ್ಯಾಡ, ಒಂದು ಸುತ್ತು ಪೂರಾ ಹಂಗ ತಿರುವು. ಹಾಂ, ಈಗ ಹಗುರ ಕೈಲೆ.

ಮಗಳು: ಬಂತ್ರಿ ಕಾಕಾ! ನೋಡ್ರಿ, ಪ್ಲಸ್ಸಿನ ಒಂದು ಮಗ್ಗಲು ಪೂರಾ ಸವದೈತಿ. ಮೂರು ಗೋಡಿ ಉಳದಿದ್ದವು.

ಕಾಕಾ: ಆ ಮೂರರಲೆ ಬಂತು. ಇನ್ನ ನಾಕೈದು ಸಲ ತಿರುವಿದ್ದರ ಅವೂ ಹೋಗತಿದ್ದವು.

ಮಗಳು: ಅವೂ ಹೋಗಿದ್ದರ ಏನು ಮಾಡತಿದ್ರಿ? ಕೊರೀತಿದ್ರೇನು? ನನ್ನ ಗೆಳತಿ ಲ್ಯಾಪ್‌ಟಾಪಿಗೆ ಒಂದು ಅಂಗಡ್ಯಾಗ ಹಂಗ ಡ್ರಿಲ್ ಹಾಕಿ ಬೋರ್ಡ್ ಹಾಳು ಮಾಡಿದ್ರು.

ಕಾಕಾ: ತಲಿ ಮ್ಯಾಲ ಎದ್ದಿದ್ರ ಇಕ್ಕಳಲೆ ಹಿಡದು ತಿರುವಬಹುದು, ಸಣ್ಣ ಅರಲೆ ಗೀರು ಹಾಕಿ ಚಪ್ಪಟಿ ಸ್ಕ್ರೂಡ್ರೈವರ್ ಹಚ್ಚಬಹುದು. ಆದ್ರ ಲ್ಯಾಪ್‌ಟಾಪಿನ್ಯಾಗ ತಲಿ ತೂತಿನ ಆಳದಾಗ ಕುಂತಿರತೈತಿ. ಆವಾಗ ಕೊರಿಯೂದ ಉಳದ ದಾರಿ. ಆದ್ರ ಇಡೀ ಸ್ಕ್ರೂ ಕೊರಿಯೂದಲ್ಲ, ಬರೇ ತಲಿ. ಸ್ಕ್ರೂ ಮುಚ್ಚಳವನ್ನ ಹಿಡಿಯೂದು ತಲಿಲೆ. ತಲಿ ಹೋತಂದ್ರ ಮುಚ್ಚಳ ಏಳತೈತಿ, ಆಮ್ಯಾಲ ಉಳದ ತುಂಡಿನ ಮ್ಯಾಲ ಬಿಗಿನ ಇರೂದಿಲ್ಲ. ಇಕ್ಕಳ ಹಚ್ಚಿದ್ರ, ಒಮ್ಮೊಮ್ಮೆ ಬೆರಳಲೆ ತಿರುವಿದ್ರೂ ಬರತೈತಿ. ಎಂ2 ಸ್ಕ್ರೂ ಇದ್ರ ಅದರ ಕಾಂಡ 2 ಮಿಲಿಮೀಟರ್. ಅದಕ್ಕಿಂತ ಜರಾ ದಪ್ಪ, ತಲಿಗಿಂತ ಸಣ್ಣ ಡ್ರಿಲ್ ಬಿಟ್ ಬೇಕು. ಎಷ್ಟು ಆಳ ಇಳೀಬೇಕು ಅಂತ ಬಿಟ್ಟಿಗೆ ಟೇಪ್ ಸುತ್ತಿ ಗುರ್ತು ಮಾಡಬೇಕು. ಕರೆಂಟಿನ ದೊಡ್ಡ ಡ್ರಿಲ್ ತಡಿಯೂದು ಕಷ್ಟ. ಕೈಲೆ ತಿರುವೂ ಸಣ್ಣ ಹಿಡಿಕಿ ಬರತೈತಿ, ತಾಸು ಹಿಡೀಲಿ, ಅದರಲೆ ಮಾಡಬೇಕು.

ಮಗಳು: ಚೂರು ಒಳಗ ಬೀಳತಾವಲ್ರಿ. ಒಂದು ಕಣ ಬೋರ್ಡ್ ಮ್ಯಾಲ ಉಳದ್ರ ಶಾರ್ಟ್ ಆಗತೈತಿ.

ಕಾಕಾ: ಅದಕ್ಕ ಸುತ್ತೆಲ್ಲಾ ಟೇಪ್ ಹಚ್ಚಿ, ಉಳದ ತೂತು ಮುಚ್ಚಿ, ಗಳಿಗಿಗೊಮ್ಮೆ ತಡದು ಚೂರು ತಗೀಬೇಕು. ಸ್ಕ್ರೂ ಉಕ್ಕು, ಅಯಸ್ಕಾಂತಕ್ಕ ಹತ್ತತೈತಿ. ಮುಚ್ಚಳ ಅಲ್ಯೂಮಿನಿಯಂ ಇದ್ರ ಅದರ ಚೂರು ಹತ್ತೂದಿಲ್ಲ, ಬ್ರಷ್ಷು, ವ್ಯಾಕ್ಯೂಮ್ ಬೇಕು. ಕೆಳಗ ಬ್ಯಾಟರಿ ಐತಿ ಅಂತ ಗೊತ್ತಿದ್ರ ಮನ್ಯಾಗ ಕೊರಿಯೂ ಧೈರ್ಯ ಮಾಡಲೇಬಾರದು. ಅದು ಕೈ ಪಳಗಿದವರ ಕೆಲಸ. ಅವರಿಗೂ ಒಂದು ಮಾತು ಕೇಳಿ ಕೊಡಬೇಕು: ಹೆಂಗ ತಗೀತೀರಿ, ಚೂರು ಹೆಂಗ ತಡೀತೀರಿ ಅಂತ. ಸರಿಯಾಗಿ ಉತ್ತರ ಹೇಳೂ ಅಂಗಡಿಗೆ ಕೊಡು.

ಮಗಳು: ಈ ಸ್ಕ್ರೂ ತಿರುಗಿ ಹಾಕಲೇನ್ರಿ?

ಕಾಕಾ: ಹಾಕಬ್ಯಾಡ. ಮುಂದಿನ ಸಲ ನಿನ್ನ ತಮ್ಮ ಬಿಚ್ಚೂ ಮುಂದ ಪರದಾಡತಾನ. ಕೊಪ್ಪೀಕರ ರೋಡ್ ಕಡೆ ರಿಪೇರಿ ಅಂಗಡ್ಯಾಗ ಹಳೇ ಲ್ಯಾಪ್‌ಟಾಪ್ ಬಿಚ್ಚಿದ ಸ್ಕ್ರೂ ಡಬ್ಬಿಗಟ್ಟಲೆ ಇರತಾವು. ಇದನ್ನ ಕೈಯಾಗ ಹಿಡಕೊಂಡ ಹೋಗು. ದಪ್ಪ, ಉದ್ದ, ತಲಿ ಅಗಲ, ಮೂರೂ ಹೊಂದಿದ್ದು ತಗೋ. ಹಾಕೂ ಮುಂದ ಮೊದಲು ಎಡಕ್ಕ ತಿರುವು, ಥ್ರೆಡ್ ಕೂತದ್ದು ಬೆರಳಿಗೆ ತಿಳೀತೈತಿ, ಆಮ್ಯಾಲ ಬಲಕ್ಕ. ಎರಡ ಬೆರಳಲೆ ಹಿಡಿಕಿ ತಿರುವಿ, ತಡದ ಕೂಡಲೆ ಸಾಕು ಮಾಡು.

ಮಗಳು: ಕಾಕಾ, ಒಂದು ವಿಚಾರ ಬರತೈತಿ ನೋಡ್ರಿ. ಇದರಾಗ ಸ್ಕ್ರೂ ಇದ್ದದ್ದಕ್ಕ ನಾವು ಇಷ್ಟು ಮಾಡಿದ್ವಿ. ಈಗಿನ ಎಷ್ಟೋ ಲ್ಯಾಪ್‌ಟಾಪಿನ್ಯಾಗ ಬ್ಯಾಟರಿ ಅಂಟಿಸಿರತಾರ, ಮೆಮೊರಿ ಬೋರ್ಡಿಗೇ ಬೆಸದಿರತಾರ. 2009ರಾಗ ಆಪಲ್ ಕಂಪನಿ ಮ್ಯಾಕ್‌ಬುಕ್ ಪ್ರೊ ಬ್ಯಾಟರಿಗೆ ಐದು ದಳದ ಸ್ಕ್ರೂ ತಂತು, ಮರುವರ್ಷ ಮ್ಯಾಕ್‌ಬುಕ್ ಏರ್ ತಳಕ್ಕೂ ಅದ ಬಂತು. ಆಗ ಅದರ ಬಿಟ್ ಸಾಮಾನ್ಯ ಅಂಗಡ್ಯಾಗ ಸಿಗತಿರಲಿಲ್ಲ.

ಕಾಕಾ: ಮಾಲು ಕೊಂಡಾಂವಗ ಅದನ್ನ ಬಿಚ್ಚೂ ಹಕ್ಕಿಲ್ಲ ಅಂದ್ರ ಅದು ಕೊಂಡಂಗ ಹೆಂಗಾತು? ಬ್ರಿಟಿಷರ ಕಾಲದಿಂದ ನಡದ ಈ ವರ್ಕ್‌ಶಾಪಿನ್ಯಾಗ ಡಬ್ಬಿ ಬರತಾವು, ತಳದಿಂದ ಬಿಚ್ಚತೇವಿ, ಸವದದ್ದು ಬದಲ ಮಾಡತೇವಿ, ಮತ್ತ ಹಳಿಗೆ ಬಿಡತೇವಿ. ಒಂದು ಡಬ್ಬಿ ಎಷ್ಟೋ ವರ್ಷ ಓಡೂದು ಅದಕ್ಕ. ಬಿಚ್ಚಾಕ ಬರಲಾರದಂಗ ಮಾಡಿದ್ದರ ಮೊದಲ ಗಾಲಿ ಸವದಾಗ ಗುಜರಿಗೆ ಹಾಕಬೇಕಾಗತಿತ್ತು.

ಮಗಳು: ಸರ್ಕಾರನೂ ಇದರ ವಿಚಾರ ಮಾಡೈತ್ರಿ. 2022ರ ಡಿಸೆಂಬರ್ 24ಕ್ಕ, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಚಾಲೂ ಮಾಡಿತು. ಒಕ್ಕಲುತನದ ಯಂತ್ರ, ಮೊಬೈಲ್ ಮತ್ತ ಎಲೆಕ್ಟ್ರಾನಿಕ್ಸ್, ಮನಿ ಬಳಕಿ ಸಾಮಾನು, ಗಾಡಿ, ಈ ನಾಕು ಬಗಿಯವು ಅದರಾಗ ಅದಾವು. ಕಂಪನಿಗಳು ರಿಪೇರಿ ಪುಸ್ತಕ, ಬಿಡಿಭಾಗದ ಮಾಹಿತಿ, ವಾರಂಟಿ ವಿವರ ಅಲ್ಲೆ ಕೊಡಬೇಕು ಅನ್ನೂದು ಉದ್ದೇಶ.

ಕಾಕಾ: ಒಳ್ಳೇದು. ಆದ್ರ ಪುಸ್ತಕ ಸಿಕ್ಕು, ಹಕ್ಕು ಸಿಕ್ಕು, ಕೈಯಾಗ ತಪ್ಪು ಬಿಟ್ ಇದ್ರ ಏನು ಮಾಡಾಂವ? ಹಕ್ಕಿನ ಜೋಡಿ ಕೈಕಸಬೂ ಬೇಕು. ನಿಮ್ಮ ಕಾಲೇಜಿನ್ಯಾಗ ಇದನ್ನ ಯಾರರ ಕಲಸತಾರೇನು?

ಮಗಳು: ಇಲ್ರಿ. ನಮ್ಮ ಹಾಸ್ಟೆಲಿನ್ಯಾಗ ನನ್ನಂಗ ಅಣ್ಣನ, ಅಕ್ಕನ ಹಳೇ ಲ್ಯಾಪ್‌ಟಾಪ್ ತಂದವರು ಭಾಳ ಮಂದಿ ಅದಾರ. ಫ್ಯಾನ್ ಒದರಿದ್ರೂ ಹಂಗ ನಡಸತಾರ. ಬಿಚ್ಚಾಕ ಹೆದರತಾರ, ಅಂಗಡಿಗೆ ಕೊಡಾಕ ರೊಕ್ಕ ಇರೂದಿಲ್ಲ.

ಕಾಕಾ: ಹಂಗಾದ್ರ ಕೆಲಸ ಇಷ್ಟ. ಹಾಸ್ಟೆಲಿಗೊಂದು ಛಲೋ ಉಕ್ಕಿನ ಬಿಟ್ ಸೆಟ್ ತಗೊಳ್ರಿ: ಪಿಎಚ್ 00, 0, 1, ಟಾರ್ಕ್ಸ್ 5, 6, 8. ಒಂದು ಸಣ್ಣ ಡಬ್ಬಿ ಗ್ರೈಂಡಿಂಗ್ ಪೇಸ್ಟ್, ಒಂದು ಪ್ಲಾಸ್ಟಿಕ್ ಪಟ್ಟಿ. ಎಲ್ಲಾರೂ ಕೂಡಿ ಹಾಕಿದ್ರ ತಲಿಗೆ ಒಂದು ಚಹಾದ ರೊಕ್ಕ ಆದೀತು. ಈ ವಾರ ನೀ ಬಿಚ್ಚಿದ್ದನ್ನ ಮುಂದಿನ ವಾರ ಇಬ್ಬರಿಗೆ ಕಲಸು.

ಮಗಳು: ಕಲಸತೇನ್ರಿ. ಅವರಿಗೆ ಮೊದಲು ಏನು ಹೇಳಲಿ?

ಕಾಕಾ: ಬಿಟ್ ಗಟ್ಟಿ ಕೂಡೂತನಕಾ ತಿರುವಬ್ಯಾಡ್ರಿ, ತಿರುವಿದ್ದಕ್ಕಿಂತ ಹೆಚ್ಚು ಒತ್ತರಿ, ಮೊದಲ ಸಲ ಜಾರಿದ ಕೂಡಲೆ ಕೈ ತಗೀರಿ. ಈ ಮೂರು ಪಾಳಿಸಿದ್ರ ನೂರರಾಗ ತೊಂಬತ್ತು ಸ್ಕ್ರೂನ ತಲಿ ಸವಿಯೂದ ಇಲ್ಲ ಅಂತ ಹೇಳು.